ಯಜ್ಞದ ಮೇಲೆ ಇಳಿದ ಹಕ್ಕಿಗಳು

ಓದತಕ್ಕ ಭಾಗ: ಆದಿಕಾಂಡ 15ನೆಯ ಅಧ್ಯಾಯ, ವಿಶೇಷವಾಗಿ 11ನೆಯ ವಚನ.



ಜೋಳವು ಹಾಲುದೆನೆಗೆ ಬಂದಾಗ ರೈತನು ಹೊಲದ ನಡುವೆ ಅಟ್ಟವನ್ನು ಕಟ್ಟಿಕೊಂಡು, ಕೈಯಲ್ಲಿ ಕವಣೆಯನ್ನು ಹಿಡಿದು, ಹೊತ್ತು ಮೂಡುವದಕ್ಕೆ ಮುಂಚೆ ಹೋಗಿ ಹೊತ್ತು ಮುಳುಗುವ ವರೆಗೆ ಹಕ್ಕಿಗಳನ್ನು ಓಡಿಸುವದು ನೀವೆಲ್ಲರೂ ಬಲ್ಲ ಸಂಗತಿಯೇ. ಅವನು ಉತ್ತದ್ದೂ ಬಿತ್ತಿದ್ದೂ ಕಳೆ ಕಿತ್ತದ್ದೂ ಎಲ್ಲವೂ ಆ ಕೆಲವು ದಿವಸಗಳ ಎಚ್ಚರಿಕೆಯ ಮೇಲೆ ನಿಂತಿರುತ್ತದೆ. ಅಟ್ಟದ ಮೇಲೆ ಕೂತವನು ನಿದ್ದೆಹೋದರೆ ತೆನೆಯಲ್ಲಿ ಕಾಳು ಉಳಿಯದು. ಇನ್ನೊಂದು ಸಂಗತಿಯನ್ನೂ ನೀವು ಬಲ್ಲಿರಿ. ಬೀಳುಬಿದ್ದ ಹೊಲಕ್ಕೆ ಹಕ್ಕಿಗಳ ಹಿಂಡು ಇಳಿಯುವದಿಲ್ಲ. ಕಾಳಿದ್ದ ಕಡೆಗೇ ಅವು ಬರುತ್ತವೆ.

ಆದಿತ್ಯವಾರದಲ್ಲಿ ದೇವಾಲಯಕ್ಕೆ ಬಂದು ಕೂಡ್ರುವ ನಮ್ಮ ಮನಸ್ಸಿನ ಸ್ಥಿತಿಯೂ ಹೀಗೆಯೇ ಇದೆ. ವಾರವೆಲ್ಲಾ ಬಾರದ ಯೋಚನೆಗಳು ಅಯ್ಯನವರು ಪ್ರಾರ್ಥನೆಗೆ ಕರೆದ ಕೂಡಲೆ ಹಿಂಡುಹಿಂಡಾಗಿ ಬಂದು ಇಳಿಯುತ್ತವೆ. ಕಣ್ಣು ಮುಚ್ಚಿದರೆ ಕೊಟ್ಟಿಗೆಯ ಎಮ್ಮೆ ನೆನಪಿಗೆ ಬರುತ್ತದೆ. ಅದನ್ನು ಬಿಟ್ಟರೆ ನೆರೆಹೊಲದವನು ಬದುವನ್ನು ಒತ್ತಿದ್ದು; ಅದನ್ನು ಬಿಟ್ಟರೆ ಸಾಲ ಕೊಟ್ಟವನು ಸಂತೆಯಲ್ಲಿ ನಾಲ್ಕು ಜನರ ಮುಂದೆ ಆಡಿದ ಮಾತು; ಅದನ್ನೂ ಬಿಟ್ಟರೆ ಮಧ್ಯಾಹ್ನದ ಅಡಿಗೆ. ಕಡೆಗೆ ಎಲ್ಲರೂ ಆಮೆನ್ ಅನ್ನುವಾಗ ನಾವೂ ಅನ್ನುತ್ತೇವೆ. ಆದರೆ ಯಾವದಕ್ಕೆ ಆಮೆನ್ ಅಂದೆವೋ ನಮಗೇ ತಿಳಿಯದು.

ಈ ವಿಷಯದಲ್ಲಿ ನಮ್ಮ ಸಭೆಗಳೊಳಗೆ ಎರಡು ತರದ ಜನರಿದ್ದಾರೆ. ಕೆಲವರು ಇದಕ್ಕಾಗಿ ಬಹಳವಾಗಿ ದುಃಖಪಟ್ಟು, ತಮ್ಮಲ್ಲಿ ನಿಜವಾದ ನಂಬಿಕೆ ಇಲ್ಲವೆಂದೂ ಇಂಥ ಪ್ರಾರ್ಥನೆಯನ್ನು ದೇವರು ಕೇಳುವದಿಲ್ಲವೆಂದೂ ಕುಗ್ಗಿಹೋಗುತ್ತಾರೆ. ಬೇರೆ ಕೆಲವರಿಗೆ ಯಾವ ದುಃಖವೂ ಇಲ್ಲ. ಬಂದೆವು, ಕೂತೆವು, ಎದ್ದೆವು, ಕೆಲಸ ತೀರಿತು ಎಂದು ಮನೆಗೆ ಹೋಗುತ್ತಾರೆ. ಈ ಇಬ್ಬರಿಗೂ ಅಬ್ರಾಮನ ಚರಿತ್ರೆಯಲ್ಲಿ ಒಂದು ಮಾತು ಉಂಟು.

ಅಬ್ರಾಮನು ಮಕ್ಕಳಿಲ್ಲದ ಮುದುಕನಾಗಿದ್ದನು. ದಮಸ್ಕದ ಎಲೀಯೆಜರನೇ ತನ್ನ ಮನೆಗೆ ಬಾಧ್ಯನಾಗುವನೆಂದು ಅವನು ದೇವರ ಮುಂದೆ ತನ್ನ ದುಃಖವನ್ನು ತೋಡಿಕೊಂಡನು. ಆಗ ದೇವರು ಅವನನ್ನು ಹೊರಗೆ ಕರಕೊಂಡು ಹೋಗಿ ಆಕಾಶದ ನಕ್ಷತ್ರಗಳನ್ನು ತೋರಿಸಿ, ಅವನ ಸಂತಾನವು ಅಷ್ಟಾಗುವದೆಂದು ವಾಗ್ದಾನ ಮಾಡಿದನು. ಅಬ್ರಾಮನು ನಂಬಿದನು. ಆ ದೇಶವು ತನಗೆ ಬರುವದೆಂದು ಹೇಗೆ ತಿಳಿಯಲಿ ಎಂದು ಕೇಳಿದಾಗ, ಮೂರು ವರುಷದ ಕಡಸನ್ನೂ, ಮೂರು ವರುಷದ ಆಡನ್ನೂ, ಮೂರು ವರುಷದ ಟಗರನ್ನೂ, ಒಂದು ಬೆಳವಕ್ಕಿಯನ್ನೂ, ಒಂದು ಪಾರಿವಾಳದ ಮರಿಯನ್ನೂ ತರಬೇಕೆಂದು ಅಪ್ಪಣೆಯಾಯಿತು. ಅವನು ಅವೆಲ್ಲವನ್ನು ತಂದು, ಪಶುಗಳನ್ನು ನಡುವೆ ಕಡಿದು, ತುಂಡಿಗೆ ಎದುರಾಗಿ ತುಂಡನ್ನು ಇಟ್ಟನು. ಆ ಕಾಲದಲ್ಲಿ ಒಡಂಬಡಿಕೆ ಮಾಡುವವರು ಹೀಗೆ ಇಟ್ಟ ತುಂಡುಗಳ ನಡುವೆ ದಾಟಿಹೋಗುವ ಪದ್ಧತಿ ಇತ್ತೆಂದು ಯೆರೆಮೀಯನ ಪುಸ್ತಕದ 34ನೆಯ ಅಧ್ಯಾಯದಿಂದ ನಮಗೆ ತಿಳಿಯುತ್ತದೆ.

ಎಲ್ಲಾ ಸಿದ್ಧವಾಯಿತು. ಆದರೆ ದೇವರಿಂದ ಬೆಂಕಿಯೂ ಬರಲಿಲ್ಲ, ಮಾತೂ ಬರಲಿಲ್ಲ. ಬಂದವುಗಳು ಹದ್ದುಗಳೇ. ಅವು ಆ ತುಂಡುಗಳ ಮೇಲೆ ಇಳಿದವು. ಅಬ್ರಾಮನು ಅವುಗಳನ್ನು ಓಡಿಸಿದನು. ಸತ್ಯವೇದವು ಇದನ್ನು ಒಂದೇ ಚಿಕ್ಕ ವಚನದಲ್ಲಿ ಹೇಳಿಬಿಡುತ್ತದೆ. ಆದರೆ ಹದ್ದಿನ ಸ್ವಭಾವವನ್ನು ಬಲ್ಲವರು ಯೋಚಿಸಿರಿ. ಮಾಂಸವನ್ನು ಕಂಡ ಹದ್ದು ಒಮ್ಮೆ ಓಡಿಸಿದರೆ ಹೋಗುವದೋ? ಮೇಲೆ ಸುತ್ತಿ ತಿರಿಗಿ ಬರುವದು. ಆ ಮುದುಕನು ಹೊತ್ತು ಮುಳುಗುವ ವರೆಗೆ ಆ ಯಜ್ಞದ ಬಳಿಯಲ್ಲಿ ಕಾಯಬೇಕಾಯಿತು.

ಮೊದಲನೆಯದಾಗಿ, ಹಕ್ಕಿಗಳು ಬಂದದ್ದರಿಂದ ಯಜ್ಞವು ಕೆಡಲಿಲ್ಲವೆಂಬದನ್ನು ತಿಳುಕೊಳ್ಳಿರಿ.

ಅಬ್ರಾಮನು ತಪ್ಪಾದ ಯಜ್ಞವನ್ನು ಇಟ್ಟಿರಲಿಲ್ಲ. ದೇವರೇ ಹೇಳಿದ್ದನ್ನು ಹೇಳಿದಂತೆಯೇ ಇಟ್ಟಿದ್ದನು. ಅವನ ನಂಬಿಕೆಯನ್ನು ದೇವರೇ ಮೆಚ್ಚಿದ್ದನು. ಆದರೂ ಹದ್ದುಗಳು ಬಂದವು. ಆದಕಾರಣ, ಪ್ರಾರ್ಥನೆಯಲ್ಲಿ ಮನಸ್ಸು ಚದರುವದೇ ನೀವು ದೇವರ ಮಕ್ಕಳಲ್ಲವೆಂಬದಕ್ಕೆ ಗುರುತೆಂದು ಎಣಿಸಬೇಡಿರಿ. ಬಿತ್ತುವವನ ಸಾಮ್ಯದಲ್ಲಿ ಕರ್ತನು, ದಾರಿಯ ಮಗ್ಗುಲಲ್ಲಿ ಬಿದ್ದ ಬೀಜವನ್ನು ಹಕ್ಕಿಗಳು ತಿಂದುಬಿಟ್ಟವೆಂದು ಹೇಳಿ, ಕೇಳಿದ ವಾಕ್ಯವನ್ನು ಸೈತಾನನು ತಕ್ಷಣವೇ ಬಂದು ತೆಗೆಯುವನೆಂದು ಅದರ ಅರ್ಥವನ್ನು ಕೊಟ್ಟನು. ಕಳ್ಳನು ಬರಿಗೈಯವನ ಬೆನ್ನು ಹತ್ತುವದಿಲ್ಲ. ದೇವರ ಮನೆಯಲ್ಲಿ ನಿಮಗೆ ಬೆಲೆಯುಳ್ಳದ್ದು ಕೊಡಲ್ಪಡುತ್ತದೆ. ಆದದರಿಂದಲೇ ಅದನ್ನು ಕಸಕೊಳ್ಳುವವನೂ ಅಲ್ಲಿಗೆ ಬರುತ್ತಾನೆ.

ಇದು ಹಳ್ಳಿಯ ಬಡ ವಿಶ್ವಾಸಿಗಳಿಗೆ ಮಾತ್ರ ಬರುವ ಕಷ್ಟವೂ ಅಲ್ಲ. ಆಫ್ರಿಕದ ಉತ್ತರ ತೀರದ ಹಿಪ್ಪೋ ಪಟ್ಟಣದಲ್ಲಿ ಸಭಾಧ್ಯಕ್ಷನಾಗಿದ್ದು 430ರಲ್ಲಿ ಕರ್ತನಲ್ಲಿ ನಿದ್ರೆಹೋದ ಅಗಸ್ತೀನನು ಪ್ರಾಚೀನ ಸಭೆಯ ದೊಡ್ಡ ಬೋಧಕರಲ್ಲಿ ಒಬ್ಬನು. ಅವನು ತನ್ನ ಅರಿಕೆಗಳ ಪುಸ್ತಕದಲ್ಲಿ, ಮನೆಯಲ್ಲಿ ಕೂತಿರುವಾಗ ಹಲ್ಲಿಯು ನೊಣ ಹಿಡಿಯುವದೂ ಜೇಡವು ಬಲೆಯಲ್ಲಿ ನೊಣವನ್ನು ಸುತ್ತುವದೂ ತನ್ನ ಮನಸ್ಸನ್ನು ಎಳೆದುಬಿಡುತ್ತದೆಂದು ದುಃಖದಿಂದ ಬರೆದಿದ್ದಾನೆ. ನಮ್ಮ ದೇವಾಲಯದ ಗೋಡೆಯ ಮೇಲೂ ಹಲ್ಲಿ ಉಂಟಲ್ಲವೇ? ಅಂಥ ಪರಿಶುದ್ಧನ ಕಣ್ಣನ್ನು ಎಳೆದದ್ದು ನಮ್ಮ ಕಣ್ಣನ್ನು ಎಳೆದರೆ ಆಶ್ಚರ್ಯವೇನು? ಆದರೆ ಅವನು ಅದನ್ನು ಸಣ್ಣ ಸಂಗತಿಯೆಂದು ತಳ್ಳಿಬಿಡದೆ ದೇವರ ಮುಂದೆ ಅರಿಕೆಮಾಡಿದನೆಂಬದನ್ನು ಮರೆಯಬೇಡಿರಿ.

ಎರಡನೆಯದಾಗಿ, ಓಡಿಸತಕ್ಕ ಹಕ್ಕಿಗಳು ಯಾವವೆಂದು ನೋಡೋಣ.

ನೆರೆಯವನ ಮೇಲೆ ಕಣ್ಣಿಡುವದು ಒಂದು ಹಕ್ಕಿ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಫರಿಸಾಯನು ದೇವಾಲಯಕ್ಕೆ ಬಂದದ್ದು ಪ್ರಾರ್ಥನೆಗೆ. ಆದರೆ ಅವನ ಕಣ್ಣು ಹಿಂದೆ ನಿಂತಿದ್ದ ಸುಂಕದವನ ಮೇಲೆ ಇತ್ತು. ಬಾಯಿ ದೇವರ ಸಂಗಡ ಮಾತಾಡುತ್ತಿರುವಾಗ ಮನಸ್ಸು ನೆರೆಯವನನ್ನು ತೂಗುತ್ತಿತ್ತು. ಸುಂಕದವನಾದರೋ ಕಣ್ಣೆತ್ತುವದಕ್ಕೂ ಧೈರ್ಯವಿಲ್ಲದೆ ಎದೆ ಬಡಕೊಂಡನು. ಅವನಿಗೆ ಇತರರನ್ನು ನೋಡಲು ಸಮಯವೇ ಇರಲಿಲ್ಲ. ಇವಳ ಸೀರೆ ಹೊಸದೋ, ಅವನು ತಡವಾಗಿ ಬಂದನೋ, ಕಾಣಿಕೆಯ ಚೀಲಕ್ಕೆ ಯಾರು ಎಷ್ಟು ಹಾಕಿದರು ಎಂದು ನೋಡುತ್ತಾ ಕೂಡ್ರುವವರು ಆ ಫರಿಸಾಯನ ಮಗ್ಗುಲಲ್ಲಿ ನಿಂತಿದ್ದಾರೆ. ಪ್ರಸಂಗವನ್ನು ಕೇಳುತ್ತಾ, ಈ ಮಾತು ಇಂಥವನಿಗೆ ಸರಿಯಾಗಿ ತಗಲಿತು ಎಂದು ಸಂತೋಷಪಡುವದೂ ಇದೇ ಹಕ್ಕಿಯೇ. ತಟ್ಟೆಯಲ್ಲಿ ಬಡಿಸಿದ ಅನ್ನವನ್ನೆಲ್ಲಾ ಪಕ್ಕದವನ ತಟ್ಟೆಗೆ ತಳ್ಳಿ ಹಸಿದು ಎದ್ದುಹೋಗುವವನಿಗೆ ಇಂಥವನು ಸಮಾನನು.

ವಾಕ್ಯವನ್ನು ಹಾಡಿನಂತೆ ಕೇಳಿಬಿಡುವದು ಎರಡನೆಯ ಹಕ್ಕಿ. ಯೆಹೆಜ್ಕೇಲನ ಕಾಲದ ಜನರು ಪ್ರವಾದಿಯ ಮುಂದೆ ಬಂದು ಕೂಡ್ರುತ್ತಿದ್ದರು. ಗೋಡೆಗಳ ಬಳಿಯಲ್ಲಿಯೂ ಬಾಗಲುಗಳಲ್ಲಿಯೂ ಅವನ ಮಾತುಗಳನ್ನು ಕುರಿತು ಮಾತಾಡುತ್ತಿದ್ದರು. ಅವರು ಅವನನ್ನು ಇಂಪಾದ ಸ್ವರದ ಹಾಡುಗಾರನಂತೆ ಕೇಳುತ್ತಾರೆ, ಕೇಳಿದರೂ ಕೈಕೊಳ್ಳುವದಿಲ್ಲ, ಅವರ ಹೃದಯವು ಲಾಭದ ಹಿಂದೆ ಹೋಗುತ್ತದೆ ಎಂದು ದೇವರು 33ನೆಯ ಅಧ್ಯಾಯದಲ್ಲಿ ಅವನಿಗೆ ತಿಳಿಸಿದನು. ಹಾಡು ಒಳ್ಳೆಯದು, ರಾಗವೂ ದೇವರ ದಾನವೇ. ಆದರೆ ರಾಗವು ಹಲ್ಲಕ್ಕಿಯಂತಿದೆ. ಒಳಗೆ ವಾಕ್ಯವೆಂಬ ಮದುಮಗನು ಇಲ್ಲದಿದ್ದರೆ ಬರಿಯ ಹಲ್ಲಕ್ಕಿಯನ್ನು ಹೊತ್ತು ಊರು ಸುತ್ತಿದ ಹಾಗಾಯಿತು.

ಈ ವಾಕ್ಯವು ನಮ್ಮ ಭಾಷೆಗೆ ಸುಲಭವಾಗಿ ಬರಲಿಲ್ಲವೆಂಬದನ್ನು ನೆನಸಿಕೊಳ್ಳಿರಿ. ಜಾನ್ ಹ್ಯಾಂಡ್ಸ್ ಎಂಬ ಮಿಶನರಿಯವರು 1810ರಲ್ಲಿ ಬಳ್ಳಾರಿಗೆ ಬಂದು ಭಾಷೆಯನ್ನು ಕಲಿತು ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವ ಕೆಲಸಕ್ಕೆ ಕೈಹಚ್ಚಿದರು. ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಸಿದ್ಧವಾಗುವಷ್ಟರಲ್ಲಿ 1831ನೆಯ ವರುಷವು ಬಂದಿತು. ಇಪ್ಪತ್ತು ವರುಷಗಳ ದುಡಿತದಿಂದ ನಮ್ಮ ಕಿವಿಗೆ ಬಂದದ್ದನ್ನು ನಾವು ಆಕಳಿಸುತ್ತಾ ಕೇಳುವದು ತಕ್ಕದ್ದೋ?

ಒಳ್ಳೇ ಕೆಲಸವೇ ಮೂರನೆಯ ಹಕ್ಕಿಯಾಗುವದುಂಟು. ಮಾರ್ಥಳನ್ನು ನೋಡಿರಿ. ಅವಳು ಮಾಡುತ್ತಿದ್ದದ್ದು ಪಾಪವಲ್ಲ; ಕರ್ತನಿಗಾಗಿಯೇ ಉಪಚಾರವನ್ನು ಸಿದ್ಧಮಾಡುತ್ತಿದ್ದಳು. ಆದರೂ ಕೆಲಸದ ಗಡಿಬಿಡಿಯಲ್ಲಿ ಮನೆಗೆ ಬಂದ ಕರ್ತನ ಮುಖವನ್ನೇ ಮರೆತು, ಕಡೆಗೆ ಆತನ ಮೇಲೆಯೇ ದೂರು ಹೊರಿಸಿದಳು. ಕರ್ತನು ಅವಳನ್ನು ಗದರಿಸಿ ಕಳುಹಿಸಲಿಲ್ಲ. ಎರಡಾವೃತ್ತಿ ಹೆಸರು ಹಿಡಿದು ಪ್ರೀತಿಯಿಂದ ಕರೆದನು. ಜಮಖಾನೆ ಹಾಸುವವರೂ ದೀಪ ಹಚ್ಚುವವರೂ ಕಾಣಿಕೆ ಎಣಿಸುವವರೂ ಹಾಡು ಎತ್ತುವವರೂ ಈ ಅಪಾಯದಲ್ಲಿದ್ದಾರೆ. ಉಪದೇಶಿಗಳಿಗೂ ಸಭಾಹಿರಿಯರಿಗೂ ಅಪಾಯವು ಇನ್ನೂ ಹೆಚ್ಚು. ಇತರರಿಗೆ ಬಡಿಸುತ್ತಾ ಬಡಿಸುತ್ತಾ ತಾವು ಉಣ್ಣದೆ ಹೋಗುವವರು ಅವರೇ.

ಮೂರನೆಯದಾಗಿ, ಬಂದದ್ದೆಲ್ಲವೂ ಹಕ್ಕಿಯಲ್ಲವೆಂಬದನ್ನು ಲಕ್ಷ್ಯದಲ್ಲಿಡಿರಿ. ಇದನ್ನು ತಿಳಿಯದೆ ಕೆಲವರು ಹದ್ದಿನ ಸಂಗಡ ದೇವರ ದೂತನನ್ನೂ ಓಡಿಸಿಬಿಡುತ್ತಾರೆ.

ಹೊರೆಯು ಹಕ್ಕಿಯಲ್ಲ. ಅಶ್ಶೂರದ ಅರಸನ ಬೆದರಿಕೆಯ ಪತ್ರವು ಬಂದಾಗ ಹಿಜ್ಕೀಯ ಅರಸನು ಅದನ್ನು ಅರಮನೆಯಲ್ಲಿ ಬಚ್ಚಿಟ್ಟು, ಮನಸ್ಸನ್ನು ಶಾಂತಮಾಡಿಕೊಂಡು ದೇವಾಲಯಕ್ಕೆ ಹೋಗಲು ಪ್ರಯತ್ನಿಸಲಿಲ್ಲ. ಅದನ್ನು ಕೈಯಲ್ಲಿ ಹಿಡುಕೊಂಡೇ ಹೋಗಿ ಕರ್ತನ ಮುಂದೆ ಹರವಿದನು. ಹನ್ನಳು ಶೀಲೋವಿನಲ್ಲಿ ತನ್ನ ಬಂಜೆತನದ ದುಃಖವನ್ನು ಬಾಗಲಲ್ಲಿ ಬಿಟ್ಟು ಒಳಗೆ ಬರಲಿಲ್ಲ. ಆ ದುಃಖವೇ ಅವಳ ಪ್ರಾರ್ಥನೆಯಾಯಿತು. ಯಾಜಕನು ಅವಳನ್ನು ಅಮಲೇರಿದವಳೆಂದು ತಪ್ಪಾಗಿ ತಿಳಿದನು. ದೇವರು ಸರಿಯಾಗಿ ತಿಳಿದನು. ಸಾಲದ ಕಾಗದವೋ, ಕಾಯಿಲೆಯ ಮಗುವೋ, ಮಳೆಯಿಲ್ಲದೆ ಬಾಡುವ ಪೈರೋ ನಿಮ್ಮ ಮನಸ್ಸಿಗೆ ಬಂದರೆ, ಅದರ ಸಂಗಡ ನೀವೊಬ್ಬರೇ ಮಾತಾಡುತ್ತಾ ಕೂಡ್ರಬೇಡಿರಿ. ಅದನ್ನು ಎತ್ತಿ ದೇವರ ಮುಂದೆ ಹರವಿ, ಸ್ವಾಮೀ, ಇದನ್ನು ನೋಡು ಎಂದು ಹೇಳಿರಿ. ನಿಮ್ಮೊಳಗೇ ಸುತ್ತುವ ವರೆಗೆ ಅದು ಹದ್ದು. ದೇವರ ಮುಂದೆ ಇಟ್ಟ ಕೂಡಲೆ ಅದು ಯಜ್ಞದ ಒಂದು ತುಂಡು.

ಮನಸ್ಸಾಕ್ಷಿಯು ಹಕ್ಕಿಯಲ್ಲ. ಯಜ್ಞವೇದಿಯ ಮುಂದೆ ಕಾಣಿಕೆಯನ್ನು ತಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಉಂಟೆಂದು ಅಲ್ಲಿಯೇ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗಬೇಕೆಂದು ಕರ್ತನು ಪರ್ವತಪ್ರಸಂಗದಲ್ಲಿ ಕಲಿಸಿದ್ದಾನೆ. ಪ್ರಾರ್ಥನೆಯ ನಡುವೆ ತಮ್ಮನ ಮುಖವು ಕಣ್ಣಿಗೆ ಕಟ್ಟಿ, ಪಾಲಿನ ಹೊಲದ ವಿಷಯದಲ್ಲಿ ನೀನು ಮಾಡಿದ್ದು ನ್ಯಾಯವಲ್ಲವೆಂದು ಒಳಗೆ ಒಂದು ಸ್ವರವು ಹೇಳಿದರೆ, ಇದು ಚಂಚಲತೆಯೆಂದು ಅದನ್ನು ಓಡಿಸಬೇಡ. ಆ ದಿವಸದ ಪ್ರಸಂಗವು ನಿನಗೆ ಅದೇ. ಹೊಲಗದ್ದೆಗಳ ಜಗಳದಿಂದ ಎರಡು ಮನೆಗಳು ವರುಷಗಟ್ಟಲೆ ಒಂದೇ ದೇವಾಲಯದಲ್ಲಿ ಮುಖ ತಿರುಗಿಸಿಕೊಂಡು ಕೂಡ್ರುವ ಸಭೆಗಳುಂಟು. ಅಲ್ಲಿ ಹಾಡುಗಳು ನಿಲ್ಲಲಿಲ್ಲ, ಪ್ರಾರ್ಥನೆಗಳು ನಿಲ್ಲಲಿಲ್ಲ. ಆದರೆ ದೇವದೂತನು ಬಂದು ಬಾಗಲು ತಟ್ಟಿದಾಗಲೆಲ್ಲಾ ಅವನನ್ನು ಹಕ್ಕಿಯೆಂದು ಅಟ್ಟಿದ್ದಾರೆ.

ಮಕ್ಕಳು ಹಕ್ಕಿಗಳಲ್ಲ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದಾಗ ಮುಖ ಗಂಟಿಕ್ಕುವವರೇ, ಯೇಸುವಿನ ಬಳಿಗೆ ತಂದ ಮಕ್ಕಳನ್ನು ಶಿಷ್ಯರು ಗದರಿಸಿದಾಗ ಕರ್ತನು ಯಾರ ಮೇಲೆ ಕೋಪಿಸಿಕೊಂಡನೆಂದು ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಓದಿರಿ. ಮಗುವು ಅತ್ತರೆ ತಾಯಿಯು ಸ್ವಲ್ಪ ಹೊತ್ತು ಹೊರಗೆ ಹೋಗಿ ಬರಲಿ. ಆದರೆ ಹತ್ತು ತಲೆಗಳು ತಿರುಗಿ ಅವಳನ್ನು ನೋಡುವದರಿಂದ ಆರಾಧನೆಯು ಮಗುವಿನ ಅಳುವಿಗಿಂತ ಹೆಚ್ಚಾಗಿ ಕೆಡುತ್ತದೆ.

ದಣಿದ ದೇಹವನ್ನೂ ಕಠಿಣವಾಗಿ ತೀರ್ಪುಮಾಡಬೇಡಿರಿ. ತ್ರೋವದಲ್ಲಿ ಪೌಲನು ಮಧ್ಯರಾತ್ರಿಯ ವರೆಗೆ ಪ್ರಸಂಗ ಮಾಡುತ್ತಿದ್ದಾಗ ಯೂತಿಖನೆಂಬ ಯೌವನಸ್ಥನು ಕಿಟಕಿಯಲ್ಲಿ ಕೂತಿದ್ದು ಗಾಢನಿದ್ರೆಯಿಂದ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನು. ಎತ್ತಿ ನೋಡಿದರೆ ಸತ್ತಿದ್ದನು. ಪೌಲನು ಅವನನ್ನು ಬೈಯಲಿಲ್ಲ. ಇಳಿದುಬಂದು ತಬ್ಬಿಕೊಂಡನು, ಮತ್ತು ಅವನು ಜೀವದಿಂದ ಮನೆಗೆ ಹೋದನು. ಆರು ದಿವಸ ಕೂಲಿ ಮಾಡಿದವನಿಗೆ ನಿದ್ದೆ ಬಂದರೆ ಕರ್ತನು ಅವನ ದಣಿವನ್ನು ಬಲ್ಲನು. ಆದರೂ, ತಮ್ಮಾ, ಬೀಳುವ ಕಿಟಕಿಯನ್ನು ಬಿಟ್ಟು ಒಳಗೆ ಬಂದು ಕೂತುಕೋ. ಹಿಂದಿನ ಗೋಡೆಗೆ ಒರಗಿ ಕೂಡ್ರುವವನಿಗಿಂತ ಮುಂದೆ ಕೂಡ್ರುವವನಿಗೆ ನಿದ್ದೆ ಕಡಿಮೆ.

ನಾಲ್ಕನೆಯದಾಗಿ, ಓಡಿಸುವ ಬಗೆಯನ್ನು ಕಲಿಯೋಣ.

ನೆಹೆಮೀಯನ ಪುಸ್ತಕದ 8ನೆಯ ಅಧ್ಯಾಯದಲ್ಲಿ ಒಂದು ದೊಡ್ಡ ಕೂಟದ ವರ್ಣನೆ ಉಂಟು. ಸೆರೆಯಿಂದ ತಿರಿಗಿ ಬಂದ ಜನರು, ಗಂಡಸರೂ ಹೆಂಗಸರೂ ತಿಳಿಯಬಲ್ಲ ಎಲ್ಲರೂ, ನೀರುಬಾಗಲಿನ ಮುಂದಣ ಬೈಲಿನಲ್ಲಿ ಕೂಡಿದರು. ಎಜ್ರನು ಮರದ ಪೀಠದ ಮೇಲೆ ನಿಂತು ಉದಯದಿಂದ ಮಧ್ಯಾಹ್ನದ ವರೆಗೆ ಧರ್ಮಶಾಸ್ತ್ರವನ್ನು ಓದಿದನು, ಎಲ್ಲರೂ ಕಿವಿಗೊಟ್ಟರು. ಇದು ಹೇಗಾಯಿತು? ಆ ಪುಸ್ತಕವನ್ನು ತರಬೇಕೆಂದು ಜನರೇ ಕೇಳಿಕೊಂಡಿದ್ದರು. ಅವರು ಹಸಿದು ಬಂದವರು. ಪುಸ್ತಕವನ್ನು ತೆರೆದಾಗ ಎದ್ದುನಿಂತರು, ಕೈಯೆತ್ತಿ ಆಮೆನ್ ಅಂದರು, ತಲೆಬಾಗಿದರು. ಅವರ ದೇಹವೂ ಆರಾಧಿಸಿತು. ಲೇವಿಯರು ಓದಿದ್ದರ ಅರ್ಥವನ್ನು ತಿಳಿಸಿಕೊಟ್ಟರು. ಕಡೆಗೆ ಆ ವಾಕ್ಯವು ಅವರನ್ನು ಅಳಿಸಿತು, ಸಂತೋಷಪಡಿಸಿತು, ಏನೂ ಇಲ್ಲದವರಿಗೆ ಊಟದ ಪಾಲನ್ನು ಕಳುಹಿಸುವಂತೆಯೂ ಮಾಡಿತು.

ನಾವೂ ಹಾಗೆಯೇ ಮಾಡಬಹುದು. ಶನಿವಾರ ಸಾಯಂಕಾಲವೇ ದನಗಳ ಮೇವನ್ನೂ ಮನೆಯ ನೀರನ್ನೂ ಸಿದ್ಧಮಾಡಿಡಿರಿ. ಗಂಟೆಯಾಗುವದಕ್ಕೆ ಮುಂಚೆ ಬಂದು, ಮಾತಾಡದೆ ಕೂತು, ಈ ಸ್ಥಳದಲ್ಲಿ ಕರ್ತನು ಇದ್ದಾನೆಂದು ನಿಮ್ಮ ಪ್ರಾಣಕ್ಕೆ ಹೇಳಿಕೊಳ್ಳಿರಿ. ಜೇಬಿನಲ್ಲಿ ಮೊಬೈಲು ಇದ್ದರೆ ಅದರ ಬಾಯಿ ಕಟ್ಟಿರಿ. ಮನೆಯಲ್ಲಿಯೇ ಬಿಟ್ಟುಬಂದರೆ ಇನ್ನೂ ಒಳ್ಳೇದು. ಓದಲು ಬಲ್ಲವರು ಸತ್ಯವೇದವನ್ನು ತೆರೆದು ಬೆರಳಿಟ್ಟು ಓದಿರಿ. ಓದು ಬಾರದವರು ಆ ದಿವಸದ ಒಂದು ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡ ಹಾಗೆ ನೆನಪಿನಲ್ಲಿ ಕಟ್ಟಿಕೊಂಡು ಹೋಗಿ ಸಾಯಂಕಾಲ ಮನೆಯವರಿಗೆ ಹೇಳಿರಿ. ಹೇಳಬೇಕಾದವನು ಎಚ್ಚರದಿಂದ ಕೇಳುತ್ತಾನೆ.

ಇದರ ವಿಷಯದಲ್ಲಿ ಮಾರ್ಟಿನ್ ಲೂಥರನ ಒಂದು ಬುದ್ಧಿಮಾತು ನಮಗೆ ಉಪಯೋಗವಾಗುವದು. ಜರ್ಮನಿ ದೇಶದ ವಿಟ್ಟೆನ್‌ಬರ್ಗ ಪಟ್ಟಣದಲ್ಲಿ ಅವನಿಗೆ ಕ್ಷೌರ ಮಾಡುತ್ತಿದ್ದ ಪೇತರನೆಂಬವನಿಗಾಗಿ ಅವನು 1535ರಲ್ಲಿ ಪ್ರಾರ್ಥನೆಯ ವಿಷಯವಾಗಿ ಒಂದು ಚಿಕ್ಕ ಪುಸ್ತಕವನ್ನು ಬರೆದನು. ವೇದಪಂಡಿತನಾದ ಲೂಥರನು ಆ ಕ್ಷೌರಿಕನಿಗೆ ಅವನ ಕಸುಬಿನಿಂದಲೇ ಪಾಠ ಹೇಳಿದನು. ಒಳ್ಳೇ ಕ್ಷೌರಿಕನು ತನ್ನ ಮನಸ್ಸನ್ನೂ ಕಣ್ಣನ್ನೂ ಕತ್ತಿಯ ಮೇಲೆಯೂ ಕೂದಲಿನ ಮೇಲೆಯೂ ಇಟ್ಟಿರಬೇಕು. ಹರಟೆ ಹೊಡೆಯುತ್ತಾ ಅತ್ತಿತ್ತ ನೋಡಿದರೆ ಎದುರಿಗೆ ಕೂತವನ ಮೂಗೋ ಕುತ್ತಿಗೆಯೋ ಕೊಯ್ದುಹೋಗುವದು. ಕೈಕೆಲಸಕ್ಕೇ ಇಷ್ಟು ಮನಸ್ಸು ಬೇಕಾದರೆ ಪ್ರಾರ್ಥನೆಗೆ ಎಷ್ಟು ಬೇಕು ಎಂಬದು ಅದರ ತಾತ್ಪರ್ಯ. ತನ್ನ ಮನಸ್ಸು ತಣ್ಣಗಾದಾಗ ಕೀರ್ತನೆಗಳ ಪುಸ್ತಕವನ್ನು ಹಿಡಿದು ಕೋಣೆಗೋ ಸಭೆ ಕೂಡಿದ ದೇವಾಲಯಕ್ಕೋ ಹೋಗಿ, ಹತ್ತು ಆಜ್ಞೆಗಳನ್ನೂ ವಿಶ್ವಾಸಪ್ರಮಾಣವನ್ನೂ ಮಕ್ಕಳ ಹಾಗೆ ಬಾಯಿಬಿಟ್ಟು ಹೇಳಿಕೊಳ್ಳುವೆನೆಂದೂ ಅವನು ತಿಳಿಸಿದನು. ಒಂದೊಂದು ಆಜ್ಞೆಯಿಂದ ನಾಲ್ಕು ಎಳೆಯ ಮಾಲೆಯನ್ನು ಹೆಣೆಯುವದನ್ನೂ ಕಲಿಸಿದನು: ಇದು ನನಗೆ ಏನು ಕಲಿಸುತ್ತದೆ? ಇದಕ್ಕಾಗಿ ಯಾವ ಸ್ತೋತ್ರ ಮಾಡಲಿ? ಇದರಲ್ಲಿ ನನ್ನ ತಪ್ಪೇನು? ಇದರ ವಿಷಯದಲ್ಲಿ ಏನು ಬೇಡಿಕೊಳ್ಳಲಿ? ಪ್ರಸಂಗವನ್ನು ಕೇಳುವಾಗ ಈ ನಾಲ್ಕು ಎಳೆಗಳನ್ನು ಹಿಡಿದರೆ ಖಾಲಿ ಕೈಗಳಿಗೆ ಕೆಲಸ ಸಿಕ್ಕಿದ ಹಾಗೆ ಅಲೆಯುವ ಮನಸ್ಸಿಗೂ ಕೆಲಸ ಸಿಕ್ಕುವದು.

ಇಷ್ಟಾದರೂ ಹಕ್ಕಿ ಬಂದರೆ ಏನು ಮಾಡಬೇಕು? ಓಡಿಸಿ, ತಿರಿಗಿ ಯಜ್ಞದ ಬಳಿಯಲ್ಲಿ ನಿಲ್ಲಿರಿ; ಇಷ್ಟೇ. ಅಬ್ರಾಮನು ಹದ್ದುಗಳ ಹಿಂದೆ ಬೆಟ್ಟದ ವರೆಗೆ ಓಡಿಹೋಗಿದ್ದರೆ, ಇತ್ತ ಯಜ್ಞವು ಕಾವಲಿಲ್ಲದೆ ಬಿದ್ದಿರುತ್ತಿತ್ತು. ತನ್ನ ಮನಸ್ಸು ಎಷ್ಟು ಕೆಟ್ಟದ್ದೆಂದು ಆರಾಧನೆಯ ಹೊತ್ತೆಲ್ಲಾ ತನ್ನನ್ನೇ ಬೈದುಕೊಳ್ಳುತ್ತಾ ಕೂಡ್ರುವವನು ಹಾಗೆ ಓಡಿಹೋದವನೇ. ಅವನೂ ದೇವರನ್ನು ನೋಡುತ್ತಿಲ್ಲ, ತನ್ನನ್ನೇ ನೋಡುತ್ತಿದ್ದಾನೆ. ಇಪ್ಪತ್ತು ಸಾರಿ ಮನಸ್ಸು ಹೊರಗೆ ಹೋದರೆ ಇಪ್ಪತ್ತು ಸಾರಿ ಅದನ್ನು ಕರತಂದವನು ತನ್ನ ಆರಾಧನೆಯನ್ನು ಕಳಕೊಳ್ಳಲಿಲ್ಲ. ಆ ಇಪ್ಪತ್ತು ಸಾರಿ ಅವನು ಲೋಕಕ್ಕಿಂತ ದೇವರನ್ನು ಆರಿಸಿಕೊಂಡನು.

ಇದಕ್ಕೆ ಇಷ್ಟು ಶ್ರಮವೇಕೆ ಅನ್ನುವಿರೋ? ನಮ್ಮ ಹಿರಿಯರಲ್ಲಿ ಅನೇಕರು ಜೀವವುಳ್ಳ ದೇವರನ್ನು ಕಾಣಬೇಕೆಂದು ನಂಟರನ್ನು ಕಳಕೊಂಡರು, ಆಸ್ತಿಯನ್ನು ಕಳಕೊಂಡರು, ನೀರು ಸೇದುವ ಬಾವಿಯನ್ನು ಸಹ ಕಳಕೊಂಡರು. ಅಷ್ಟು ಬೆಲೆ ಕೊಟ್ಟು ಅವರು ಪ್ರವೇಶಿಸಿದ ಮನೆಯಲ್ಲಿ ಮೊಮ್ಮಕ್ಕಳಾದ ನಾವು ಬಾಗಲ ಕಡೆಗೆ ಮುಖಮಾಡಿ ಕೂತಿದ್ದೇವೆ. ಇದಲ್ಲದೆ ನಮ್ಮ ಊರವರು ಕಿಟಕಿಯ ಹೊರಗೆ ನಿಂತು ನಮ್ಮ ಆರಾಧನೆಯನ್ನು ನೋಡುವದುಂಟು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಪೌಲನು, ಸಭೆಯೊಳಗೆ ಬಂದ ಅನ್ಯನು ಅಡ್ಡಬಿದ್ದು, ದೇವರು ನಿಜವಾಗಿ ಇವರಲ್ಲಿದ್ದಾನೆಂದು ಒಪ್ಪಿಕೊಳ್ಳುವಂತೆ ನಮ್ಮ ಕೂಟವು ಇರಬೇಕೆಂದು ತೋರಿಸುತ್ತಾನೆ. ಕಿಟಕಿಯ ಹೊರಗೆ ನಿಂತವನು ನಮ್ಮ ಮುಖಗಳಲ್ಲಿ ಏನನ್ನು ಓದುತ್ತಾನೆ? ಅರಸನ ಸಮ್ಮುಖದಲ್ಲಿ ಇರುವವರ ಭಕ್ತಿಯನ್ನೋ, ಬಸ್ಸಿಗಾಗಿ ಕಾಯುವವರ ಬೇಸರವನ್ನೋ?

ಕಡೆಯದಾಗಿ, ಹೊತ್ತು ಮುಳುಗಿದ ಮೇಲೆ ಆದದ್ದನ್ನು ನೋಡಿರಿ.

ದಿನವೆಲ್ಲಾ ಹದ್ದುಗಳನ್ನು ಓಡಿಸಿದ ಅಬ್ರಾಮನು ಸಾಯಂಕಾಲಕ್ಕೆ ಏನಾದನು? ಅವನಿಗೆ ಗಾಢನಿದ್ರೆ ಹತ್ತಿತು. ಭಯಂಕರವಾದ ಕಾರ್ಗತ್ತಲೆ ಅವನನ್ನು ಕವಿಯಿತು. ಕವಣೆ ಹಿಡಿದ ಕೈ ಕೆಳಗೆ ಬಿತ್ತೆಂದು ನಾವು ಹೇಳಬಹುದು. ಇನ್ನು ಯಜ್ಞವನ್ನು ಕಾಯುವವರು ಯಾರು? ಆಗಲೇ ಹೊಗೆಯಾಡುವ ಒಲೆಯೂ ಉರಿಯುವ ದೀವಟಿಗೆಯೂ ಆ ತುಂಡುಗಳ ನಡುವೆ ದಾಟಿಹೋದವು. ಒಡಂಬಡಿಕೆಯಲ್ಲಿ ಇಬ್ಬರೂ ದಾಟಬೇಕಾಗಿತ್ತು, ದಾಟಿದವನು ದೇವರೊಬ್ಬನೇ. ಅಬ್ರಾಮನ ಎಚ್ಚರಿಕೆಯಿಂದ ಒಡಂಬಡಿಕೆಯು ಸ್ಥಿರವಾಗಲಿಲ್ಲ. ಅವನ ನಿದ್ರೆಯಿಂದ ಅದು ಮುರಿಯಲೂ ಇಲ್ಲ.

ಪ್ರಿಯರೇ, ಸುವಾರ್ತೆಯು ಇದೇ. ಗೆತ್ಸೇಮನೆಯಲ್ಲಿ ಶಿಷ್ಯರು ಒಂದು ಗಳಿಗೆಯಾದರೂ ಎಚ್ಚರವಾಗಿರಲಾರದೆ ಹೋದರು, ಎಚ್ಚರವಾಗಿದ್ದವನು ಕರ್ತನೊಬ್ಬನೇ. ನಿದ್ರೆಹೋದ ಅವರಿಗಾಗಿಯೇ ಆತನು ಎದ್ದು ಶಿಲುಬೆಯ ಕಡೆಗೆ ನಡೆದನು. ನಮ್ಮ ಪ್ರಾರ್ಥನೆಯು ಚದರದೆ ಇದ್ದದರಿಂದ ನಾವು ಅಂಗೀಕಾರವಾಗುವದಿಲ್ಲ. ನಮಗಾಗಿ ಯಾವಾಗಲೂ ವಿಜ್ಞಾಪನೆ ಮಾಡುವ ಮಹಾಯಾಜಕನೊಬ್ಬನು ಇರುವದರಿಂದಲೇ ಅಂಗೀಕಾರವಾಗುತ್ತೇವೆ. ಹಾಗಾದರೆ ಕವಣೆಯನ್ನು ಬಿಸಾಡಿ ಮಲಗೋಣವೋ? ಎಂದಿಗೂ ಕೂಡದು. ಬೆಳೆಯನ್ನು ಬೆಳೆಯಿಸುವವನು ದೇವರೇ ಎಂದು ಬಲ್ಲ ರೈತನು ಅಟ್ಟವನ್ನು ಬಿಟ್ಟು ಮನೆಗೆ ಹೋಗುವದಿಲ್ಲ. ಬೆಳೆಯು ಬರುವದೆಂಬ ಭರವಸೆಯಿಂದಲೇ ಬಿಸಿಲಿನಲ್ಲಿ ನಿಲ್ಲುತ್ತಾನೆ.

ಆದಕಾರಣ ಬರುವ ಆದಿತ್ಯವಾರ ನಿಮ್ಮ ಹೃದಯವನ್ನು ತಂದು ದೇವರ ಮುಂದೆ ಇಡಿರಿ. ಹಕ್ಕಿಗಳು ಬಂದಾವು, ಓಡಿಸಿರಿ. ಹೊರೆಗಳಿದ್ದರೆ ಹರವಿರಿ. ದೇವರ ದೂತನು ಬಂದು ತಟ್ಟಿದರೆ ಎದ್ದುಹೋಗಿ ಸಹೋದರನ ಸಂಗಡ ಸಮಾಧಾನವಾಗಿರಿ. ಬೆಂಕಿಯು ತಡವಾದರೆ ಕಾಯಿರಿ. ವಾಗ್ದಾನ ಮಾಡಿದಾತನು ನಂಬಿಗಸ್ತನು.

ಕರ್ತನಾದ ಯೇಸುವೇ, ಚದರಿದ ನಮ್ಮ ಮನಸ್ಸನ್ನು ನಿನ್ನ ಕಡೆಗೆ ಕೂಡಿಸು. ನಿನ್ನ ಮನೆಯಲ್ಲಿ ಕೂತಿರುವಾಗ ನಿನ್ನನ್ನೇ ಕಾಣುವ ಹಾಗೆ ನಮ್ಮ ಕಣ್ಣುಗಳನ್ನು ಹಿಡಿ. ನಮ್ಮ ಕೈ ಸೋತಾಗ ನಮ್ಮ ಬಲಹೀನವಾದ ಯಜ್ಞವನ್ನು ನೀನೇ ಕಾಯಿ. ಆಮೆನ್.